ಇಜಾಪುರಕ್ಕೆ ನಾನು ಹಾಕಿದ ಸೊನ್ನೆ

ಅವರು ನಮ್ಮ ವಿಭಾಗಕ್ಕೆ ಬಂದ ಮೊದಲ ದಿನ ಪಟಪಟನೆ ಮಾತಾಡಿದವಳು ನಾನೇ. ಮಾತು ಕಳೆದುಕೊಂಡವರ ಎದುರು ಕುಳಿತು ನಾವೇ ಮಾತಾಡುವುದು ನಮ್ಮ ಕಸುಬಿನಲ್ಲಿ ಮಾಡಬಾರದ ಕೆಲಸ. ಆದರೆ ಫೈಲಿನ ಮೇಲೆ ‘ಮಾತೃಭಾಷೆ: ಕನ್ನಡ’ ಎಂದು ಕಂಡರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಮುಂಬಯಿಯ ಸಾಂತಾಕ್ರೂಜಿನ ಆ ಧರ್ಮಾರ್ಥ ಆಸ್ಪತ್ರೆಯಲ್ಲಿ ವಾಕ್ ಚಿಕಿತ್ಸೆಗೆ ಬರುವವರು ಹೆಚ್ಚಾಗಿ ಮರಾಠಿ, ಗುಜರಾತಿ, ಹಿಂದಿಯವರು. ಕನ್ನಡದವರು ಬಂದರೆ ಅದು ನನ್ನ ಟೇಬಲ್ಲು ಎಂದು ಮೊದಲಿನಿಂದಲೂ ಲೆಕ್ಕ.

ಅರವತ್ತರ ಆಸುಪಾಸಿನ ಎತ್ತರದ ಆಳು. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ ಸೋತಿತ್ತು. ಹೇಳಿದ್ದೆಲ್ಲ ತಿಳಿಯುತ್ತಿತ್ತು; ಉತ್ತರ ಬಾಯಿಯವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು. ಜೊತೆಗೆ ಬಂದ ಹೆಂಡತಿಯೇ ಎಲ್ಲ ಹೇಳಿದರು. ಊರು ವಿಜಯಪುರದ ಕಡೆ, ಈಗಿನ ಮನೆ ಭಾಂಡುಪ್‌ನ ಒಂದು ಚಾಳು.

“ಸಾಯನ್‌ದಾಗ ನಮ್ಮ ಕಡಿ ಬಸ್ ನಿಂದರತಾವಲ್ರಿ ಬಾಯಾರ, ಅಲ್ಲಿ ಊರ ಹೆಸರ ಒದರತಿದ್ರು. ಇವ್ರು ಒದರಿದ್ರ ಹೈವೇ ಆಚಿ ಕಡೆ ಕೇಳ್ತಿತ್ರಿ. ಈಗ ನೀರ ಬೇಕಂದ್ರ ಕೈ ಮಾಡ್ತಾರ.”

“ಹಾಗಾದ್ರೆ ಒದರಿಸಿಯೇ ಬಿಡುವ ಅಕ್ಕ” ಎಂದೆ ನಾನು, ನಗುತ್ತ. ಅವರೂ ನಕ್ಕರು. ನಾನಾಗಲೇ ಅಣ್ಣ ಎಂದು ಕರೆಯತೊಡಗಿದ್ದ ರೋಗಿಯ ಮುಖದ ಎಡ ಅರ್ಧ ನಕ್ಕಿತು.

ಹೋಗುವಾಗ ಬಾಗಿಲಲ್ಲಿ ನಿಂತು ಅಕ್ಕ ಮೆಲ್ಲಗೆ ಇನ್ನೊಂದು ಮಾತು ಹೇಳಿದರು. “ಬಸ್ಸಿನ ಮಾಲಕರು ಅಂದಾರ್ರಿ, ಮೇ ಸೂಟಿ ಮುಗಿಯೂತನಕ ಇವ್ರ ಜಾಗಾದಾಗ ಯಾರನ್ನೂ ನಿಂದ್ರಸೂದಿಲ್ಲ ಅಂತ. ಅಷ್ಟರಾಗ ಬಾಯಿ ಬರ್ತೈತೇನ್ರಿ?” ಆಗ ಮಾರ್ಚ್ ಮೊದಲ ವಾರ. ಬರಬಹುದು ಎಂದೆ. ಅವರ ಪರೀಕ್ಷೆ ನೋಡಿದರೆ ಹಾಗೆ ಹೇಳುವುದು ಸುಳ್ಳೇನೂ ಆಗಿರಲಿಲ್ಲ.

ನಮ್ಮಲ್ಲಿ ಒಬ್ಬರಿಗೆ ಹನ್ನೆರಡು ಸರದಿ, ವಾರಕ್ಕೆ ಎರಡರಂತೆ. ಆರನೆಯ ಸರದಿಯಲ್ಲಿ ಅಂಕ ನೋಡುತ್ತಾರೆ. ಸಾಕಷ್ಟು ಏರಿದ್ದರೆ ಉಳಿದ ಆರು ಸಿಗುತ್ತವೆ; ಇಲ್ಲದಿದ್ದರೆ ಮನೆಯಲ್ಲಿ ಮಾಡುವ ಅಭ್ಯಾಸದ ಕಾರ್ಡುಗಳನ್ನು ಕೊಟ್ಟು ಕಳಿಸಿ, ಕಾಯುತ್ತಿರುವ ಮುಂದಿನವರನ್ನು ಕರೆಯುತ್ತಾರೆ. ಕ್ರೂರವೆನಿಸಬಹುದು. ಹೊರಗಿನ ಬೆಂಚಿನ ಮೇಲೆ ಕಾಯುವವರ ಮುಖ ನೋಡಿದವರಿಗೆ ಅನಿಸುವುದಿಲ್ಲ.

ವಿಭಾಗದ ಪಟ್ಟಿಯಲ್ಲಿರುವುದು ಚಮಚ, ಕೊಡೆ, ಗಡಿಯಾರದ ಚಿತ್ರಗಳು. ನಾನು ಅದನ್ನು ಬದಿಗಿಟ್ಟು ಅವರ ಕೆಲಸದಿಂದಲೇ ಪಟ್ಟಿ ಮಾಡಿದೆ. ಜೀವಮಾನವಿಡೀ ಕೂಗಿದ ಹೆಸರುಗಳು ಮಿದುಳಿನಲ್ಲಿ ಆಳಕ್ಕೆ ಇಳಿದಿರುತ್ತವೆ, ಬೇಗ ಏಳುತ್ತವೆ. ಅವರ ಬಸ್ಸಿನ ಟಿಕೆಟಿನ ಹಿಂಬದಿಯಲ್ಲಿ ಅಚ್ಚಾದ ನಿಲ್ದಾಣಗಳಿಂದ ಹತ್ತು, ಮುಂಬಯಿಯ ಸ್ಟೇಶನ್ನುಗಳಿಂದ ಹತ್ತು, ಒಟ್ಟು ಇಪ್ಪತ್ತು ಹೆಸರು. ಮೊದಲು ಸುಳಿವು: “ಗೋಳಗುಮ್ಮಟ ಇರುವ ಊರು ಯಾವುದು?” ಹತ್ತು ಎಣಿಸುವಷ್ಟರಲ್ಲಿ ಸ್ವಂತವಾಗಿ ಹೇಳಿದರೆ ಒಂದು ಅಂಕ. ಇಲ್ಲವಾದರೆ ಸೊನ್ನೆ, ಆಮೇಲೆ ಸಹಾಯ. ಮೊದಲ ಅಕ್ಷರ ಕೊಡುವುದು, ಎಡಗೈಯಿಂದ ಮೇಜಿಗೆ ಅಕ್ಷರಕ್ಕೊಂದರಂತೆ ತಟ್ಟಿಸುವುದು, ಕೊನೆಗೆ ಇಬ್ಬರೂ ಸೇರಿ ಹೇಳುವುದು. ಎಲ್ಲವೂ ರೆಕಾರ್ಡ್ ಆಗುತ್ತದೆ. ನಮ್ಮ ಕಿಟಕಿಯ ಮೇಲಿಂದಲೇ ವಿಮಾನಗಳು ಇಳಿಯುವುದರಿಂದ ಸದ್ದು ಬಂದಾಗಲೆಲ್ಲ ರೆಕಾರ್ಡರ್ ನಿಲ್ಲಿಸಿ, ಇಬ್ಬರೂ ಸುಮ್ಮನೆ ಚಾವಣಿ ನೋಡುತ್ತ ಕೂರಬೇಕು. ಆ ಹೊತ್ತಿನಲ್ಲಿ ಅಣ್ಣ ಕೈಯನ್ನು ವಿಮಾನದಂತೆ ಹಾರಿಸಿ ನನ್ನನ್ನು ನಗಿಸುತ್ತಿದ್ದರು.

ಮನೆಯವರನ್ನು ನಾವು ಒಳಗೆ ಬಿಡುವುದಿಲ್ಲ. ರೋಗಿ ತಡವರಿಸಿದ ಕೂಡಲೇ ಅವರೇ ಉತ್ತರ ಹೇಳಿಬಿಡುತ್ತಾರೆ. ಅಕ್ಕ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದರು.

ಮೊದಲ ದಿನ ಮೂರು ಹೆಸರು ಬಂದಿದ್ದವು. ಎರಡನೆಯ ಸರದಿಯಲ್ಲಿ ಅಣ್ಣನ ಬಾಯಿಂದ ಅವರ ಜಿಲ್ಲೆಯ ಹೆಸರೂ ಬಂತು. ಗೋಳಗುಮ್ಮಟ ಎಂದೊಡನೆ ತುಟಿ ನಡುಗಿ, “ಇ... ಇಜಾಪುರ” ಎಂದರು. ಕಣ್ಣು ಹೊಳೆಯಿತು.

“ಅಲ್ಲ ಅಣ್ಣ” ಎಂದೆ. ಬೆರಳೆತ್ತಿದೆ. “ಇನ್ನೊಮ್ಮೆ. ವಿ... ವಿ...”

ಉತ್ತರ ಕರ್ನಾಟಕದ ಓದುಗರು ಇಷ್ಟರಲ್ಲೇ ನನ್ನನ್ನು ಬೈಯತೊಡಗಿರಬಹುದು. ಬೈಯಿರಿ. ವಿಜಯಪುರ ಎಂದರೂ ಸರಿ, ಬಿಜಾಪುರ ಎಂದರೂ ಸರಿ ಎಂದು ನಾನು ಹಾಳೆಯ ಅಂಚಿನಲ್ಲಿ ಬರೆದುಕೊಂಡಿದ್ದೆ, ಅಷ್ಟು ಉದಾರಿ. ಮೊದಲ ವ್ಯಂಜನ ಬಿದ್ದುಹೋಗುವುದು ಈ ಕಾಯಿಲೆಯ ಲಕ್ಷಣ. ಸ್ವರ ಒಡೆಯುವುದೂ ಲಕ್ಷಣ. ಹಾಗಾಗಿ ಬಾಗಲಕೋಟೆಗೆ ಅವರು “ಬಾಗಲಕ್ವಾಟಿ” ಎಂದಾಗ ಸೊನ್ನೆ. ಮುದ್ದೇಬಿಹಾಳಕ್ಕೆ “ಮುದ್ದೇಬಾಳ” ಎಂದಾಗ, ನಡುವಿನ ಅಕ್ಷರ ನುಂಗಿದ್ದಾರೆಂದು ಸೊನ್ನೆ. ಘಾಟಕೋಪರ್ “ಗಾಟಕೋಪರ” ಆಯಿತು, ಭಾಂಡುಪ್ “ಬಾಂಡೂಪ” ಆಯಿತು. ಉಸಿರಿನ ಬಲ ಸಾಲದೆ ಮಹಾಪ್ರಾಣ ಬರುತ್ತಿಲ್ಲ ಎಂದು ಟಿಪ್ಪಣಿ ಬರೆದೆ.

ಇಷ್ಟು ಬಿಗಿಯಾಗಲು ಒಂದು ಕಾರಣವಿತ್ತು. ಹಿಂದಿನ ವರ್ಷ ನಮ್ಮ ಕರಾವಳಿ ಕಡೆಯ ಹೋಟೆಲಿನ ಕ್ಯಾಶಿಯರ್ ಒಬ್ಬರಿಗೆ ನಾನು ಕೈ ಸಡಿಲಿಸಿ ಅಂಕ ಕೊಟ್ಟಿದ್ದೆ. ಅದೇ ರೆಕಾರ್ಡಿಂಗನ್ನು ಇನ್ನೊಬ್ಬರು ಕೇಳಿದಾಗ ಅರ್ಧಕ್ಕರ್ಧ ಕಡಿಮೆಯಾಯಿತು. ವಿಭಾಗದ ಮುಖ್ಯಸ್ಥೆ ಮೇಡಂ ಮರಾಠಿಯಲ್ಲಿ ಹೇಳಿದ್ದರು: “ನಿನ್ನವರು ಬಂದರೆ ನೀನು ಅಂಕ ಬಡಿಸುತ್ತೀ, ಪಂಕ್ತಿಯಲ್ಲಿ ಪಾಯಸ ಬಡಿಸಿದ ಹಾಗೆ.” ಎಲ್ಲರೂ ನಕ್ಕಿದ್ದರು. ಆ ನಗು ನನ್ನ ಕಿವಿಯಲ್ಲಿತ್ತು. ಅಂದಿನಿಂದ ನಮ್ಮವರಿಗೆ ನಾನು ಬೇರೆಯವರಿಗಿಂತ ಹೆಚ್ಚು ಕಟ್ಟುನಿಟ್ಟು.

ಆದರೆ ಅದೊಂದೇ ಅಲ್ಲ. ನನ್ನ ಕನ್ನಡ ಶಾಲೆಯದಲ್ಲ, ಬೊರಿವಲಿಯ ಎರಡು ಕೋಣೆಯ ಮನೆಯಲ್ಲಿ ಅಜ್ಜಿ ಕಲಿಸಿದ್ದು. ಮನೆಮಾತು ತುಳು. ತುಳುವಿನಲ್ಲಿ ಅಜ್ಜಿಗೆ ಉಡುಪಿ ‘ಒಡಿಪು’, ಮಂಗಳೂರು ‘ಕುಡ್ಲ’, ಕಾರ್ಕಳ ‘ಕಾರ್ಲ’. ಹೊರಗಿನವರು ಯಾರಾದರೂ ಬಂದು ಮಾತು ಕನ್ನಡಕ್ಕೆ ಹೊರಳಿತೋ, ಸೆರಗು ಸರಿಮಾಡಿಕೊಂಡಂತೆ ಊರಿನ ಹೆಸರುಗಳನ್ನೂ ಸರಿಮಾಡಿಕೊಳ್ಳುತ್ತಿದ್ದಳು. ನಾನು ಹೊರಗಿನವರ ಎದುರು ಕುಡ್ಲ ಎಂದರೆ ತೊಡೆ ಚಿವುಟುತ್ತಿದ್ದಳು. “ಮನೆಯ ಹೆಸರು ಮನೆಯ ಒಳಗೆ ಮಗಾ. ನಾಲ್ಕು ಜನರೆದುರು ಊರಿಗೆ ಮರ್ಯಾದೆ ಕೊಟ್ಟು ಹೇಳ್ಬೇಕು.” ಹೀಗೆ ಬೆಳೆದವಳಿಗೆ ಅಚ್ಚಾದ ಹೆಸರೇ ಹೆಸರು. ನಮ್ಮ ಕರಾವಳಿಯವರಿಗೆ ನಮ್ಮದು ಪುಸ್ತಕದ ಕನ್ನಡ ಎಂಬ ಜಂಭ ಬೇರೆ. ರೋಗಿ ಮೊದಲು ಹೇಗೆ ಮಾತಾಡುತ್ತಿದ್ದರು ಎಂದು ಮನೆಯವರನ್ನು ಕೇಳಿ ಬರೆದುಕೊಳ್ಳಲು ನಮ್ಮ ಫಾರ್ಮಿನಲ್ಲಿ ಒಂದು ಇಡೀ ಪುಟವಿದೆ. ಗುಜರಾತಿಯವರಿಗೆ, ಭೋಜಪುರಿಯವರಿಗೆ ನಾನು ಅದನ್ನು ತಪ್ಪದೆ ತುಂಬುತ್ತಿದ್ದೆ. ಅಣ್ಣನ ಫೈಲಿನಲ್ಲಿ ಖಾಲಿ ಬಿಟ್ಟೆ. ಕನ್ನಡ ತಾನೇ, ನನಗೆ ಗೊತ್ತಿಲ್ಲದ್ದೇನಿದೆ?

ಮೂರನೆಯ ಸರದಿ ಮುಗಿದಾಗ ಅಕ್ಕ ಎದ್ದು ಬಂದರು. “ಬಾಯಾರ, ಮನ್ಯಾಗ ಭಾಳ ಅಂತಾರ್ರಿ. ನಿನ್ನಿ ಟಿವ್ಯಾಗ ನಮ್ಮೂರ ತೋರಿಸಿದ್ರ ಹೆಸರ ಅಂದ್ರು. ಇಲ್ಲಿ ಯಾಕ ಬರವಲ್ದು?”

ಇದಕ್ಕೊಂದು ಸಿದ್ಧ ಉತ್ತರ ನಮ್ಮಲ್ಲಿದೆ. “ಮನೆಯವರಿಗೆ ಹಾಗೇ ಅನ್ನಿಸ್ತದೆ ಅಕ್ಕ. ಅರ್ಧ ಹೇಳಿದ್ರೂ ನಿಮ್ಗೆ ಪೂರ್ತಿ ಕೇಳ್ತದೆ.”

“ಹಂಗೇನ್ರಿ” ಎಂದು ಅವರು ಚೀಲ ಎತ್ತಿಕೊಂಡರು. ಕಲಿತವರ ಮಾತು ಎಂದು ನಂಬಿದರು.

ಐದನೆಯ ಸರದಿಯಲ್ಲಿ ಅಣ್ಣ ವಿಮಾನ ಹಾರಿಸಲಿಲ್ಲ. ಸುಳಿವು ಕೊಟ್ಟರೆ ಮೊದಲು ನನ್ನ ಮುಖ ನೋಡುತ್ತಿದ್ದರು. ತುಟಿ ತೆರೆದು, ಮತ್ತೆ ಮುಖ ನೋಡಿ, ಮುಚ್ಚುತ್ತಿದ್ದರು. ಆರನೆಯದರಲ್ಲಿ ಇಪ್ಪತ್ತಕ್ಕೆ ನಾಲ್ಕು ಬಂತು, ಮೊದಲ ದಿನಕ್ಕಿಂತ ಒಂದು ಹೆಚ್ಚು. ಮೇಡಂ ಹಾಳೆ ನೋಡಿ, “ಸಾಕು, ಅಲ್ಲವಾ?” ಎಂದರು. ನಾನು ಹೌದೆಂದೆ. ಅದೇ ಇಪ್ಪತ್ತು ಹೆಸರು ಬರೆದ ಕಾರ್ಡುಗಳ ಕಟ್ಟು ಕೊಟ್ಟೆ, ಬಿಡುಗಡೆ ಪತ್ರ ಬರೆದೆ. ಅದರಲ್ಲಿ ‘ಗಮನಾರ್ಹ ಸುಧಾರಣೆ ಇಲ್ಲ’ ಎಂಬ ಸಾಲಿತ್ತು. ಅಕ್ಕ ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡರು.

ಮೂರು ವಾರ ಕಳೆದಿರಬೇಕು. ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಿದ್ದೆ. ಕಾರಿಡಾರಿನಿಂದ ಒಂದು ಗಂಡು ದನಿ ಬಂತು, ಗಂಟೆ ಹೊಡೆದಂತೆ: “ಏ ಇಜಾಪುರ, ಇಜಾಪುರ! ಬಾಗಲಕ್ವಾಟಿ, ಮುದ್ದೇಬಾಳ, ಇಳಕಲ್! ಹತ್ರಿ ಯವ್ವಾ, ಹತ್ರಿ, ನಿಮ್ಮೂರ ಬಸ್ ಇದಾ!”

ಅಣ್ಣನ ದನಿ! ಮಾತು ಬಂದುಬಿಟ್ಟಿದೆ ಎಂದು ಎದ್ದು ಓಡಿದೆ. ಅಷ್ಟು ಸಂತೋಷದಲ್ಲೂ, ನಾಚಿಕೆಯಿಂದಲೇ ಬರೆಯುತ್ತೇನೆ, ತಪ್ಪುಗಳು ಮಾತ್ರ ಹಾಗೇ ಉಳಿದಿವೆಯಲ್ಲ ಎಂದುಕೊಂಡೆ.

ಬೆಂಚಿನ ಮೇಲೆ ಅಕ್ಕ ಒಬ್ಬರೇ ಇದ್ದರು. ಕಾರ್ಡುಗಳನ್ನು ಹಿಂತಿರುಗಿಸಲು ಬಂದವರು, ಪಕ್ಕದ ರೋಗಿಯ ಹೆಂಡತಿಗೆ ಮೊಬೈಲ್ ಹಿಡಿದು ತೋರಿಸುತ್ತಿದ್ದರು. ವಿಡಿಯೋದಲ್ಲಿ ಅಣ್ಣ ಬಸ್ಸಿನ ಬಾಗಿಲಲ್ಲಿ ನಿಂತು, ಎರಡೂ ಕೈ ಬೀಸುತ್ತ ಕೂಗುತ್ತಿದ್ದರು.

“ಹ್ವಾದ ವರ್ಷದ್ದ್ರಿ ಬಾಯಾರ, ಮಗಳು ತಗದಿದ್ಳು. ಹಿಂಗಿದ್ರು ನೋಡ್ರಿ.”

ಅಕ್ಕನ ಕೈಯಿಂದ ಮೊಬೈಲ್ ತೆಗೆದುಕೊಂಡು ಇನ್ನೊಮ್ಮೆ ಹಾಕಿದೆ. ಲಕ್ವ ಹೊಡೆಯುವುದಕ್ಕಿಂತ ಮುಂಚಿನ, ಗಟ್ಟಿಮುಟ್ಟಾದ ಬಾಯಿಯಿಂದ ನಾನು ಸೊನ್ನೆ ಹಾಕಿದ ಹೆಸರುಗಳೆಲ್ಲ ಒಂದೊಂದಾಗಿ ಬರುತ್ತಿದ್ದವು. ಒಂದೂ ಕೆಟ್ಟಿರಲಿಲ್ಲ. ಕಾಯಿಲೆಯ ಗುರುತೆಂದು ನಾನು ಬರೆದುಕೊಂಡದ್ದು ಅವರ ಊರಿನ ಮಾತು.

“ಅಣ್ಣ ಎಲ್ಲಿ?”

“ಮನ್ಯಾಗ ಅದಾರ್ರಿ. ಈಗೀಗ ಏನೂ ಅನ್ನೂದಿಲ್ಲ. ನಿಮ್ಮ ಕಾಗದ ಮಾಲಕರಿಗೆ ತೋರಿಸಿದ್ವಿ. ದವಾಖಾನಿಯವರ ಇಲ್ಲ ಅಂದ ಮ್ಯಾಲ ಅವರರ ಏನ ಮಾಡ್ತಾರ? ಆ ಜಾಗಾಕ್ಕ ಬ್ಯಾರೆಯವ್ರು ಬಂದಾರ.”

ಸಂಜೆ ಮೇಡಂ ಕೋಣೆಗೆ ಹೋದೆ. ಪೂರ್ತಿ ಕೇಳಿ ಅವರು ಕನ್ನಡಕ ತೆಗೆದಿಟ್ಟರು. ಬೈಯುತ್ತಾರೆಂದುಕೊಂಡೆ, ಬೈಯಲಿಲ್ಲ. “ತಡವಾಗಿ ಸುಧಾರಣೆ ಕಂಡಿದೆ ಎಂದು ಬರೆದು ಉಳಿದ ಆರು ಸರದಿ ಕೊಡು. ಯಾರೂ ಕೇಳುವುದಿಲ್ಲ” ಎಂದರು. ಅದು ದಯೆಯೇ. ಆದರೆ ಅಣ್ಣನ ಜಾಗ ಹೋದದ್ದು ನನ್ನ ಒಂದು ಸಾಲಿನಿಂದ. ಮನೆಯಲ್ಲಿ ಬರುತ್ತದೆ ಎಂದವರಿಗೆ, ನಿಮ್ಮ ಕಿವಿಯೇ ಸರಿಯಿಲ್ಲ ಎಂದು ಹೇಳಿ ಕಳಿಸಿದವಳೂ ನಾನೇ. ರೆಕಾರ್ಡಿಂಗುಗಳನ್ನು ಮತ್ತೆ ಅಳೆಯಬೇಕು, ಅಳೆಯುವವರು ಅಕ್ಕನೇ ಆಗಬೇಕು ಎಂದೆ. ಮನೆಯವರು ಅಂಕ ಹಾಕುವುದು ನಮ್ಮ ನಿಯಮದಲ್ಲಿಲ್ಲ. ಮೇಡಂ ನನ್ನನ್ನೇ ನೋಡಿ, “ಅವಳು ನಿನ್ನ ದನಿಯನ್ನೂ ಕೇಳುತ್ತಾಳೆ, ಗೊತ್ತಲ್ಲ?” ಎಂದರು.

ಗೊತ್ತಿತ್ತು.

ಮಾರನೆಯ ವಾರ ಅಕ್ಕನ ಕಿವಿಗೆ ಹೆಡ್‌ಫೋನ್ ಇಟ್ಟು ಪಕ್ಕದಲ್ಲಿ ಕುಳಿತೆ. ಯಾವ ಊರು ಎಂದು ತಿಳಿದರೆ ಹಾಳೆಯಲ್ಲಿ ಒಂದು ಗೆರೆ ಎಳೆಯಬೇಕು, ಅಷ್ಟೇ. ಮೊದಲ ದಿನದ್ದಕ್ಕೆ ನಾಲ್ಕು ಗೆರೆ. ಎರಡನೆಯದಕ್ಕೆ ಒಂಬತ್ತು. ಮೂರನೆಯದು ನಡೆಯುತ್ತಿದ್ದಾಗ ಅವರ ಪೆನ್ನು ನಿಂತಿತು. ಒಂದು ಕಿವಿಯ ಹೆಡ್‌ಫೋನ್ ಸರಿಸಿದರು.

“ಬರೋಬರಿ ಅಂದಾರಲ್ರಿ ಬಾಯಾರ. ನೀವ್ಯಾಕ ಅಲ್ಲ ಅಂದ್ರಿ?”

“ನಂಗೆ ಗೊತ್ತಿರ್ಲಿಲ್ಲ ಅಕ್ಕ.”

ಅವರು ಹೆಡ್‌ಫೋನ್ ಮತ್ತೆ ಹಾಕಿಕೊಂಡರು. ನಾಲ್ಕನೆಯ ಸರದಿಗೆ ಹದಿನಾಲ್ಕು ಗೆರೆ ಬಂದವು. ಐದಕ್ಕೆ ಹತ್ತು. ಆರಕ್ಕೆ ಆರು. ಗೆರೆಗಳನ್ನು ಜೋಡಿಸಿ ನಕ್ಷೆ ಮಾಡಿದರೆ ಬೆಟ್ಟದಂತೆ ಏರಿ ಇಳಿದಿತ್ತು. ಇಳಿದದ್ದು ಕಾಯಿಲೆಯಿಂದಲ್ಲ. ಆ ರೆಕಾರ್ಡಿಂಗುಗಳಲ್ಲಿ ಒಬ್ಬ ಹೆಂಗಸು ಬಹಳ ಅಕ್ಕರೆಯಿಂದ, ಮತ್ತೆ ಮತ್ತೆ, “ಅಲ್ಲ ಅಣ್ಣ” ಎನ್ನುತ್ತಾಳೆ. ಗದರಿದ್ದರೆ ಅವರೂ ತಿರುಗಿ ಬೀಳುತ್ತಿದ್ದರೇನೋ. ಅಷ್ಟು ಪ್ರೀತಿಯಿಂದ ಹೇಳಿದ್ದಕ್ಕೆ ನಂಬಿಬಿಟ್ಟರು.

ಫೈಲಿನಲ್ಲಿ ಉಳಿದಿದ್ದ ಖಾಲಿ ಪುಟವನ್ನು ಅಕ್ಕ ಹೇಳಿದಂತೆ ತುಂಬಿಸಿದೆ. ಕೆಳಗೆ, ಅಳತೆಯ ತಪ್ಪು ಚಿಕಿತ್ಸಕಿಯದು ಎಂದು ಬರೆದು ಸಹಿ ಮಾಡಿದೆ. ಆ ಕಾಗದದ ಪ್ರತಿ ಹಿಡಿದು ಬಸ್ಸಿನ ಮಾಲಕರ ಬಳಿಗೂ ಹೋದೆ. ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಚಹಾ ತರಿಸಿದರು. ಹೊಸದಾಗಿ ಬಂದವರೂ ಮಕ್ಕಳೊಂದಿಗರು, ಈಗ ಹೇಗೆ ತೆಗೆಯಲಿ ಎಂದರು.

ಉಳಿದ ಆರು ಸರದಿಗಳಿಗೆ ಅಕ್ಕನೂ ಒಳಗೆ ಬಂದು ಕೂತರು. ಮೊದಲ ದಿನವೇ ಆ ವಿಡಿಯೋ ಹಾಕಿದೆ. ತನ್ನದೇ ದನಿ ಕೇಳಿ ಅಣ್ಣ ಮೊದಲು ಮುಂದಕ್ಕೆ ಬಾಗಿದರು. ಪರದೆಯ ಮೇಲಿನ ಅಣ್ಣ “ಏ ಇಜಾಪುರ” ಎಂದು ಕೂಗಿದರು. ಕುಳಿತಿದ್ದ ಅಣ್ಣ ಎಡಗೈಯ ಬೆರಳೆತ್ತಿದರು. ಥೇಟ್ ನಾನು ಎತ್ತುತ್ತಿದ್ದಂತೆ. “ಅಲ್ಲ” ಎಂದರು.

ಎರಡು ತಿಂಗಳಲ್ಲಿ ಅವರ ಬಾಯಿಂದ ಬಂದ ಅತ್ಯಂತ ಸ್ಪಷ್ಟವಾದ ಪದ ಅದು.

“ಹೌದು ಅಣ್ಣ, ಅದೇ ಸರಿ. ನಾನು ಹೇಳಿದ್ದು ತಪ್ಪು. ಇಜಾಪುರ. ಹೇಳಿ.” ಅಕ್ಕನೂ ದನಿಗೂಡಿಸಿದರು, “ಅನ್ರಿ, ಇಜಾಪುರ ಅನ್ರಿ.” ಅವರು ನಮ್ಮಿಬ್ಬರನ್ನೂ ಕನಿಕರದಿಂದ ನೋಡಿ, ಮೇಜಿಗೆ ಒಂದೊಂದೇ ಪೆಟ್ಟು ಹಾಕಿ, ಹಣೆಯಲ್ಲಿ ಬೆವರೊಡೆಯುವಂತೆ ಹೇಳಿದರು: “ವಿ. ಜ. ಯ. ಪು. ರ.”

ಮೂರು ವಾರ ಮನೆಯಲ್ಲಿ ಸುಮ್ಮನಿದ್ದವರು ಕಾರ್ಡುಗಳ ಮೇಲಿದ್ದ ಹೆಸರುಗಳನ್ನು ಮನಸ್ಸಿನಲ್ಲೇ ಹೇಳಿ ಹೇಳಿ ಕಲಿತಿದ್ದರು. ಮುಂದಿನ ಸರದಿಗಳಲ್ಲಿ ನಾನು ಕಾರ್ಡು ಬದಿಗಿಟ್ಟೆ, ಪಟ್ಟಿ ಬಿಟ್ಟೆ, ಜೋಳದ ರೊಟ್ಟಿಯ ಸುದ್ದಿ ತೆಗೆದೆ, ಅಕ್ಕನಿಂದ ಅವರ ಕಡೆ ರಾಶಿಯ ಕಣದಲ್ಲಿ ಹಾಡುವ ಹಂತಿ ಪದ ಹಾಡಿಸಿದೆ. ಕಲಿತದ್ದು ಗಟ್ಟಿಯಾಗಿ ಕೂತಿತ್ತು. ಮಾತು ದಿನದಿನಕ್ಕೆ ಬಂತು. ಬಂದದ್ದು ನಾನು ಕಲಿಸಿದ ಮಾತು. ಹನ್ನೆರಡನೆಯ ಸರದಿಯಲ್ಲಿ ನನ್ನ ಹಳೆಯ ಅಳತೆಯ ಪ್ರಕಾರವೇ ಇಪ್ಪತ್ತಕ್ಕೆ ಹದಿನೇಳು. ಮೇಡಂ ಹಾಳೆಗೆ ಸಹಿ ಹಾಕಿ ನನ್ನ ಕಡೆ ಸರಿಸಿದರು.

ಆ ದಿನ ಅವರೇ ನನ್ನ ಕೊನೆಯ ರೋಗಿ. ಜೊತೆಯಲ್ಲೇ ಸ್ಟೇಶನ್ನಿಗೆ ನಡೆದೆವು. ಟಿಕೆಟ್ ಕಿಟಕಿಯಲ್ಲಿ ಅಣ್ಣ ನಮ್ಮನ್ನು ಕೈಯಿಂದ ತಡೆದು ತಾವೇ ಮುಂದೆ ಹೋದರು. ಕಟ್ಟೆಗೆ ಎರಡು ಬಾರಿ ತಟ್ಟಿ, “ಭಾಂ-ಡುಪ್” ಎಂದರು, ಉಸಿರು ತುಂಬಿ. ಎರಡು ಬೆರಳು ತೋರಿಸಿದರು. ಒಳಗಿದ್ದವರು ತಲೆ ಎತ್ತದೆ ಎರಡು ಟಿಕೆಟ್ ತಳ್ಳಿದರು, ಏನೆಂದು ಇನ್ನೊಮ್ಮೆ ಕೇಳಲಿಲ್ಲ. ಅಣ್ಣ ತಿರುಗಿ, ಹೆಂಡತಿಯ ಮುಖವನ್ನಲ್ಲ, ನನ್ನ ಮುಖವನ್ನು ನೋಡಿದರು. ನಾನು ತಲೆಯಾಡಿಸಿದೆ.

ಪ್ಲಾಟ್‌ಫಾರ್ಮಿನಲ್ಲಿ ಅವರನ್ನು ಬೆಂಚಿನ ಮೇಲೆ ಕೂರಿಸಿ ಅಕ್ಕ ನನ್ನ ಬಳಿಗೆ ಬಂದರು.

“ಮಾತ ಬಂತ್ರಿ ಬಾಯಾರ. ದೇವ್ರು ನಿಮ್ಮನ್ನ ಚಲೋ ಇಡ್ಲಿ, ಖರೇನ ಅಂತೀನಿ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು. “ಮನ್ಯಾಗೂ ಹಿಂಗ ಅಂತಾರ್ರಿ. ಮೊನ್ನಿ ನನ್ನ ತವರೂರು ಯಾವುದು ಹೇಳ್ರಿ ನೋಡೂಣು ಅಂದ್ನಿ. ಮುದ್ದೇ-ಬಿ-ಹಾಳ ಅಂದ್ರು. ಮೂವತ್ತೈದ ವರ್ಷದಾಗ ಒಮ್ಮೆನೂ ನನ್ನ ಮುಂದ ಹಂಗ ಅಂದಿಲ್ರಿ. ಯಾರೋ ಜನಗಣತಿಯವ್ರು ಬಂದು ಬಾಗಲಾಗ ನಿಂತು ಓದಿದಂಗಾತು.”

ಲೋಕಲ್ ಬಂತು. ಅವರು ಗಂಡನ ಸೋತ ಕೈ ಹಿಡಿದು, ಜನರ ನಡುವೆ ಜಾಗ ಮಾಡಿಕೊಂಡು ಹತ್ತಿಸಿದರು.